ಬರ್ಲಿನ್‌ನಲ್ಲಿ ಹೊಸ ಪ್ರೊಡ್ಯೂಸರ್‌ಗಳನ್ನು ಕೇಳಬೇಕಾ? ಟ್ರೆಸೋರ್, ಬರ್ಘೈನ್ ಈ ಎರಡು ಕ್ಲಬ್‌ಗಳಲ್ಲಿ ಯಾವುದು?

ಕೈಯಲ್ಲಿ ಒಂದೇ ರಾತ್ರಿ ಇದೆ, ದೊಡ್ಡ ಹೆಸರುಗಳಿಗಿಂತ ಈಗ ತಾನೇ ಮೇಲೆ ಬರುತ್ತಿರುವ ಪ್ರೊಡ್ಯೂಸರ್‌ಗಳ (ಅಂದರೆ ಟ್ರ್ಯಾಕ್‌ಗಳನ್ನು ತಾವೇ ಕಟ್ಟುವವರ) ಟೆಕ್ನೋ, ಅಂದರೆ ಕುಣಿಯುವ ಎಲೆಕ್ಟ್ರಾನಿಕ್ ಸಂಗೀತ, ಕೇಳುವ ಆಸೆ ಅಂದರೆ ನನ್ನ ವೋಟು ಟ್ರೆಸೋರ್‌ಗೆ.

ಎರಡೂ ಈಗ ಇರುವುದು ಹಳೆಯ ವಿದ್ಯುತ್ ಸ್ಥಾವರಗಳಲ್ಲೇ. ಟ್ರೆಸೋರ್ ಹಿರಿಯದು. 1991ರಲ್ಲಿ ಒಂದು ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಶುರುವಾಗಿ, 2005ರಲ್ಲಿ ಮುಚ್ಚಿ, 2007ರಲ್ಲಿ ಈಗಿನ ಜಾಗಕ್ಕೆ ಬಂತು. ಕೆಳಗೆ ಕತ್ತಲು, ಹೊಗೆ, ಗಟ್ಟಿ ಟೆಕ್ನೋ. ಮೇಲೆ ಗ್ಲೋಬಸ್ ಅನ್ನುವ ಫ್ಲೋರಿನಲ್ಲಿ ಸ್ವಲ್ಪ ಮೆತ್ತಗಿನ ಹೌಸ್ ಸಂಗೀತ. ಹೊಸಬರಿಗೆಂದೇ 'ನ್ಯೂ ಫೇಸಸ್' ಅನ್ನುವ ರಾತ್ರಿಗಳನ್ನೂ ಇವರು ನಡೆಸಿದ್ದಾರೆ.

ಬರ್ಘೈನ್ 2004ರದ್ದು. ಸೌಂಡ್ ಅದ್ಭುತ, ಆದರೆ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತ ಮೇಲೂ 'ಇಲ್ಲ' ಅಂತ ವಾಪಸ್ ಕಳಿಸಬಹುದು, ಕಾರಣ ಕೇಳುವ ಹಾಗೂ ಇಲ್ಲ. ಫೋನ್ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. (ಇದೊಂದು ನನಗೆ ಬಹಳ ಇಷ್ಟ, ಜನ ಸುಮ್ನೆ ಕುಣಿಯುತ್ತಾರೆ.) ವಾರಾಂತ್ಯದ ಮುಖ್ಯ ಫ್ಲೋರಿನಲ್ಲಿ ಪಳಗಿದವರೇ ಜಾಸ್ತಿ. ಹೊಸಬರನ್ನು ಹುಡುಕುವವರು ಅಲ್ಲೇ 2017ರಲ್ಲಿ ತೆರೆದ, ನೆಲಮಹಡಿಯ ಚಿಕ್ಕ ಹಾಲ್ ಜಾಯ್ಲೆಯ ಕಾರ್ಯಕ್ರಮಗಳನ್ನು ನೋಡಿ. ಮೊದಲ ಸಲ ಹೋಗುವವರಿಗೆ ಅದೇ ವಾಸಿ.

ಎಲ್ಲಿಗೇ ಹೋಗಿ, ಅವತ್ತಿನ ಪಟ್ಟಿ ಮೊದಲೇ ನೋಡಿ. ಹೆಸರಿನ ಪಕ್ಕ 'ಲೈವ್' ಅಂತಿದ್ದರೆ ಆ ಪ್ರೊಡ್ಯೂಸರ್ ಡ್ರಮ್ ಮಷೀನ್, ಸಿಂಥಸೈಜರ್ ಥರದ ಎಲೆಕ್ಟ್ರಾನಿಕ್ ವಾದ್ಯ ಇಟ್ಟುಕೊಂಡು ಸ್ವಂತ ಸಂಗೀತವನ್ನೇ ನುಡಿಸುತ್ತಾರೆ, ಇಲ್ಲದಿದ್ದರೆ ಅದು ಡಿಜೆ ಸೆಟ್, ಅಂದರೆ ಹೆಚ್ಚಾಗಿ ಬೇರೆಯವರ ಟ್ರ್ಯಾಕ್‌ಗಳು. ಹೊಸಬರನ್ನು ಅಳೆಯೋಕೆ ಲೈವ್ ಸೆಟ್ಟೇ ಸರಿ, ಅಲ್ವಾ? ಇಯರ್‌ಪ್ಲಗ್ ಮಾತ್ರ ಮರೀಬೇಡಿ.