ಕಾರಿಗೆ ಕಪ್ ಹೋಲ್ಡರ್ ಹಾಕಿಸೋರು ದಯವಿಟ್ಟು ಓದಿ, ಕನ್ಸೋಲ್‌ಗೆ (ಮುಂದಿನ ಎರಡು ಸೀಟಿನ ಮಧ್ಯೆ, ಗೇರ್ ಸುತ್ತ ಇರೋ ಪ್ಲಾಸ್ಟಿಕ್ ಭಾಗ) ಡ್ರಿಲ್ ಹಾಕೋಕೆ ಬಿಡ್ಬೇಡಿ

ಇನ್ನೂ ಸಿಟ್ಟು ಇಳಿದಿಲ್ಲ, ಆದ್ರೂ ಬರೀತಿದೀನಿ, ಇನ್ನೊಬ್ರು ಸಿಕ್ಕಾಕೊಳ್ಳೋದು ಬೇಡ.

ನಮ್ ಕಾರಲ್ಲಿ ಮುಂದೆ ಬಾಟಲಿ ಇಡೋಕೆ ಸರಿಯಾದ ಜಾಗ ಇಲ್ಲ. ಎಸಿ ವೆಂಟಿಗೆ ಸಿಗಿಸೋ ಹೋಲ್ಡರ್ ನಂಗೆ ಬೇಡವಾಗಿತ್ತು, ಅರ್ಧ ಲೀಟರ್ ನೀರು ಅಂದ್ರೆ ಅರ್ಧ ಕೆಜಿ, ಪ್ರತಿ ಹಂಪಿಗೂ ಆ ಭಾರ ವೆಂಟಿನ ತೆಳ್ಳನೆ ಪಟ್ಟಿ ಮೇಲೇ ಬೀಳುತ್ತೆ, ಮುರಿಯೋದು ಗ್ಯಾರಂಟಿ. ಅದಕ್ಕೇ ಗೇರ್ ಪಕ್ಕ ಕೂರೋ ಥರದ್ದು ಆರಿಸ್ಕೊಂಡೆ. ಅಂಗಡಿಯವನಿಗೆ ನಾನು ಕೇಳಿದ್ದು ಒಂದೇ, ಡ್ರಿಲ್ ಹಾಕ್ಬೇಕಾ? "ಅಯ್ಯೋ ಇಲ್ಲ ಸರ್, ನಿಮ್ ಮಾಡೆಲ್‌ಗೇ ಅಂತ ಬಂದಿರೋದು, ಕ್ಲಿಪ್ ಮೇಲೆ ಕೂತ್ಕೊಳುತ್ತೆ, ಬೇಡ ಅಂದ್ರೆ ನೀವೇ ಕೈಯಲ್ಲಿ ಕಿತ್ತು ತೆಗೀಬಹುದು." ಇದೇ ಮಾತು, ಇಷ್ಟು ಸ್ಪಷ್ಟವಾಗಿ ಹೇಳಿದ್ದ.

ಒಳಗೆ ಕರ್ಕೊಂಡು ಹೋಗಿ ಬಿಲ್ ಮಾಡ್ತಿದ್ದ, ಹೊರಗೆ ಹುಡುಗ ಫಿಟ್ ಮಾಡ್ತಿದ್ದ. ಬಂದು ಸೀಟಲ್ಲಿ ಕೂತ್ರೆ ಗೇರ್ ಕವರಿನ ಮಡಿಕೆ ಒಳಗೆ ಕಪ್ಪು ಪ್ಲಾಸ್ಟಿಕ್ ಚೂರು, ಸುರುಳಿ ಸುರುಳಿಯಾಗಿ, ಹೊಸದಾಗಿ ಕೊರೆದಿರೋದು. ಹೋಲ್ಡರ್ ತಳದ ರಬ್ಬರ್ ಎತ್ತಿ ನೋಡಿದ್ರೆ ಸ್ಕ್ರೂ ತಲೆ! ಮೈಯೆಲ್ಲಾ ಉರಿದುಹೋಯ್ತು. ಕ್ಲಿಪ್ ಅಂದ್ರಲ್ಲ ಅಂತ ಕೇಳಿದ್ರೆ "ಕ್ಲಿಪ್ ಇದೆ ಸರ್, ಲೂಸ್ ಆಗ್ತಿತ್ತು, ನಿಮಗೋಸ್ಕರಾನೇ ಸ್ಕ್ರೂ ಹಾಕ್ಸಿದೀನಿ" ಅಂತಾನೆ. ಕೇಳ್ದೆ ಕೊರೆದು ಹಾಕಿ ನನಗೋಸ್ಕರ ಅಂತಾನೆ!

ಗಾಡಿ ಸ್ಟಾರ್ಟ್ ಮಾಡಿದ್ರೆ ಮೀಟರಲ್ಲಿರೋ ಏರ್‌ಬ್ಯಾಗ್ ಎಚ್ಚರಿಕೆ ಲೈಟ್ ಹತ್ತಿದ್ದು ಆರ್ಲೇ ಇಲ್ಲ. "ಓಡಿಸ್ತಾ ಓಡಿಸ್ತಾ ತಾನೇ ಹೋಗುತ್ತೆ ಸರ್." ಹೇಗೆ ಹೋಗುತ್ತೆ ಅಂತ ದಬಾಯಿಸಿದ್ಮೇಲೆ "ಮೊದ್ಲೇ ಇತ್ತೇನೋ, ನೀವು ನೋಡಿರಲ್ಲ." ಮೊದ್ಲೇ ಇತ್ತಂತೆ! ದುಡ್ಡು ವಾಪಸ್ ಕೊಡು ಅಂದ್ರೆ "ಫಿಟ್ ಮಾಡಿದ ಮಾಲು ವಾಪಸ್ ತಗೊಳಲ್ಲ", ಆಮೇಲೆ ಅಲ್ಲಿದ್ದ ಬೇರೆ ಗಿರಾಕಿಗಳಿಗೆಲ್ಲ ಕೇಳೋ ಹಾಗೆ "ಒಂದು ಸ್ಕ್ರೂಗೆ ಇಷ್ಟು ಗಲಾಟೆ ಮಾಡ್ತಾರಪ್ಪ" ಅಂದ. ಎಲ್ರೂ ನನ್ನೇ ನೋಡ್ತಿದ್ರು, ತಪ್ಪು ನಂದೇ ಅನ್ನೋ ಥರ. ಆ ಅವಮಾನ ಇನ್ನೂ ಮರೆಯಕ್ಕಾಗ್ತಿಲ್ಲ.

ಸರ್ವಿಸ್ ಸೆಂಟರಲ್ಲಿ ಕನ್ಸೋಲ್ ಬಿಚ್ಚಿ ತೋರಿಸಿದ್ರು. ಸ್ಕ್ರೂ ಮೊನೆ ಹಳದಿ ವೈರಿನ ಕವಚ ಸೀಳಿ ಒಳಗೆ ಹೋಗಿದೆ. ಸಾಮಾನ್ಯವಾಗಿ ಏರ್‌ಬ್ಯಾಗ್ ವೈರು, ಕನೆಕ್ಟರಿಗೆ ಹಳದಿ ಬಣ್ಣ ಕೊಡೋದೇ ಮುಟ್ಬೇಡಿ ಅನ್ನೋಕೆ, ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಕೂಡ ಎಷ್ಟೋ ಕಾರುಗಳಲ್ಲಿ ಇದೇ ಕನ್ಸೋಲ್ ಕೆಳಗೇ ಇರುತ್ತೆ. ಆ ಲೈಟ್ ಉರೀತಿದ್ರೆ ಆಕ್ಸಿಡೆಂಟಲ್ಲಿ ಏರ್‌ಬ್ಯಾಗ್ ತೆರೆಯುತ್ತೆ ಅಂತ ನಂಬೋ ಹಾಗಿಲ್ಲ. ಹೊರಗೆ ಕೊರೆಸಿದ್ದಕ್ಕೆ ವಾರಂಟಿ ಬರಲ್ಲ ಅಂದ್ರು, ವೈರಿಂಗ್ ರಿಪೇರಿ ದುಡ್ಡು ನನ್ ಕೈಯಿಂದಲೇ. ಕನ್ಸೋಲಿನ ತೂತು ಹಾಗೇ ಇದೆ. ಇಷ್ಟಾದ್ರೂ ಆ ಹೋಲ್ಡರಲ್ಲಿ ಬಾಟಲಿ ಇಟ್ರೆ ಹ್ಯಾಂಡ್‌ಬ್ರೇಕ್ ಎಳೆಯೋಕೆ ಕೈ ತಾಗುತ್ತೆ, ಅದನ್ನಾದ್ರೂ ನೋಡ್ಬೇಕಿತ್ತಲ್ವಾ ಅವನು?

ಹಾಕಿಸೋದೇ ಆದ್ರೆ ಬಿಲ್ಲು ಆಮೇಲೆ, ಮೊದ್ಲು ಸುಮ್ನೆ ಇಟ್ಟು ತೋರ್ಸು ಅನ್ನಿ, ಬಾಟಲಿ ಇಟ್ಟು ಗೇರ್, ಹ್ಯಾಂಡ್‌ಬ್ರೇಕ್ ಎಳೆದು ನೋಡಿ, ಮುಗಿಯೋವರೆಗೂ ಗಾಡಿ ಬಿಟ್ಟು ಕದಲಬೇಡಿ. ಈಗಾಗ್ಲೇ ಹಾಕಿಸಿರೋರು ಇವತ್ತೇ ಕೀ ಆನ್ ಮಾಡಿ ಏರ್‌ಬ್ಯಾಗ್ ಲೈಟ್ ನೋಡಿ, ಹತ್ತಿ ಕೆಲವು ಸೆಕೆಂಡಲ್ಲಿ ಆರಬೇಕು. ಆರದಿದ್ರೂ, ಹತ್ತದೇ ಇದ್ರೂ ಆ ಅಂಗಡಿಗೆ ವಾಪಸ್ ಹೋಗ್ಬೇಡಿ, ನೇರ ಸರ್ವಿಸ್ ಸೆಂಟರಿಗೆ ಹೋಗಿ.