ಮೂರು ಆವರ್ತಗಳ ಸೆಮಿ-ಲಾಗ್ ಗ್ರಾಫ್ ಪ್ಯಾಡ್: ಒಂದು ಸೆಮಿಸ್ಟರ್ ಬಳಸಿದ ಮೇಲೆ

ನಮ್ಮ ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯಕ್ಕೆ ಈ ಸಲ ಹತ್ತು ಸೆಮಿ-ಲಾಗ್ ಗ್ರಾಫ್ ಪ್ಯಾಡ್‌ಗಳನ್ನು ತರಿಸಿದ್ದೆವು. ಎ4 ಅಳತೆಯ 40 ಹಾಳೆಗಳು, ತಿಳಿಹಸಿರು ಗೆರೆಗಳು, ಅಡ್ಡಕ್ಕೆ ಮಾಮೂಲಿ ಮಿಲಿಮೀಟರ್ ಅಳತೆ, ಉದ್ದಕ್ಕೆ ತಲಾ 8 ಸೆಂ.ಮೀ. ಎತ್ತರದ ಮೂರು ಲಾಗ್ ಆವರ್ತಗಳು, ಅಂದರೆ ಒಂದೊಂದನ್ನು ಏರಿದಾಗಲೂ ಸಂಖ್ಯೆ ಹತ್ತು ಪಟ್ಟಾಗುವ ಪಟ್ಟಿಗಳು. ಬೆಲೆ ಪ್ಯಾಡಿಗೆ 90 ರೂಪಾಯಿ. ಕಂಪ್ಯೂಟರ್ ಇದೇ ನಕ್ಷೆಯನ್ನು ಕ್ಷಣದಲ್ಲಿ ಬರೆದುಕೊಡುವಾಗ ಕಾಗದವೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕೈಯಾರೆ ಚುಕ್ಕೆ ಇಡುವ ವಿದ್ಯಾರ್ಥಿಯು 2 ಮತ್ತು 3ರ ನಡುವಿನ ಅಂತರ 8 ಮತ್ತು 9ರ ನಡುವಿನದಕ್ಕಿಂತ ಏಕೆ ದೊಡ್ಡದು ಎಂದು ತಾನಾಗಿಯೇ ಕೇಳುತ್ತಾನೆ. ಪರದೆಯ ಮುಂದೆ ಕುಳಿತವನು ಆ ಪ್ರಶ್ನೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಅನುಕೂಲಕರ ಸ್ಥಿತಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ನಮ್ಮ ಸಾಧಾರಣ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವದಲ್ಲಿ) ಅದಕ್ಕೆ ಅರ್ಧ ಗಂಟೆ ಹಿಡಿಯಿತು. ವೃದ್ಧಿ ಶುರುವಾಗುವ ಮುಂಚಿನ ಹೊಂದಿಕೆಯ ಅವಧಿ, ಅಂದರೆ ಲ್ಯಾಗ್ ಹಂತ ಮುಗಿದಾಗ ಮಿಲಿಲೀಟರಿಗೆ 20 ಸಾವಿರದಷ್ಟಿದ್ದ ಕೋಶಗಳು ಎರಡು ಗಂಟೆಗೆ 3.2 ಲಕ್ಷ, ನಾಲ್ಕು ಗಂಟೆಗೆ 51 ಲಕ್ಷ ದಾಟಿದವು. ಇದನ್ನೇ 20 ಸೆಂ.ಮೀ. ಎತ್ತರದ ಸಾಮಾನ್ಯ ಗ್ರಾಫಿನಲ್ಲಿ ಗುರುತಿಸಿದರೆ ಮೊದಲ ಚುಕ್ಕೆ ತಳದಿಂದ ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ, ಎರಡು ಗಂಟೆಯ ಚುಕ್ಕೆಯೂ ಒಂದೂಕಾಲು ಸೆಂ.ಮೀ.ಗೆ ನಿಲ್ಲುತ್ತದೆ. ಸೆಮಿ-ಲಾಗ್ ಹಾಳೆಯಲ್ಲಾದರೋ ಆ ಘಾತೀಯ ಏರಿಕೆ ನೇರ ಗೆರೆಯಾಗುತ್ತದೆ. 2ರ ಲಾಗ್ 0.3010 ಆದ್ದರಿಂದ, 8 ಸೆಂ.ಮೀ. ಆವರ್ತದಲ್ಲಿ ಸ್ಕೇಲನ್ನು ಎಲ್ಲಿಟ್ಟು 2.4 ಸೆಂ.ಮೀ. ಮೇಲೆ ಹೋದರೂ ಸಂಖ್ಯೆ ದುಪ್ಪಟ್ಟಾಗುತ್ತದೆ. ಪಾಠದಲ್ಲಿ ಒಂದು ವಾರ ಹೇಳಿದರೂ ತಲೆಗೆ ಹತ್ತದ ಮಾತು ಇಲ್ಲಿ ಐದು ನಿಮಿಷದಲ್ಲಿ ಹತ್ತಿತು.

ವಿಲೋಮ ಫಲನವನ್ನು, ಅಂದರೆ ಒಂದು ಸಂಬಂಧವನ್ನು ಹಿಂದುಮುಂದಾಗಿ ಓದುವುದನ್ನು, ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಬಳಸಿಲ್ಲ. ಸಮಯದಿಂದ ಹೊರಟು ಗೆರೆಯನ್ನು ಮುಟ್ಟಿ ಎಡಕ್ಕೆ ತಿರುಗಿದರೆ ಕೋಶಗಳ ಸಂಖ್ಯೆ ಸಿಗುತ್ತದೆ, ಸಂಖ್ಯೆಯಿಂದ ಹೊರಟು ಅದೇ ಗೆರೆಯಿಂದ ಕೆಳಗಿಳಿದರೆ ಸಮಯ ಸಿಗುತ್ತದೆ; ಹತ್ತು ಲಕ್ಷ ಯಾವಾಗ ಎಂಬುದಕ್ಕೆ ಮಕ್ಕಳು 2 ಗಂಟೆ 50 ನಿಮಿಷ ಎಂದು ಓದಿದರು, ಲೆಕ್ಕವೂ ಅಷ್ಟನ್ನೇ ಹೇಳಿತು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಕಾಲೊನಿಯೇ (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು) ಕಾಣದಿದ್ದರೆ ಆ ಸೊನ್ನೆಯನ್ನು ಎಲ್ಲಿ ಇಡುವುದೆಂದು ಹುಡುಗಿಯೊಬ್ಬಳು ಕೇಳಿದಳು. ಎಷ್ಟು ಆವರ್ತ ಕೆಳಗಿಳಿದರೂ ಈ ಹಾಳೆಯಲ್ಲಿ ಸೊನ್ನೆಗೆ ಜಾಗವಿಲ್ಲ.

ಕಾಗದ ದಪ್ಪವಾಗಿದೆ, ಪೆನ್ಸಿಲ್ ಅಳಿಸಿದರೆ ಗೆರೆ ಮಾಸುವುದಿಲ್ಲ, ಶಾಯಿ ಪೆನ್ನು ಮಾತ್ರ ಹಿಂಬದಿಗೆ ಇಳಿಯುತ್ತದೆ.

ಆದರೆ ಹತ್ತರಲ್ಲಿ ಎರಡು ಪ್ಯಾಡ್‌ಗಳ ಮುದ್ರಣ ಕೆಟ್ಟಿತ್ತು. ಅವುಗಳ ಮೇಲಿನ ಆವರ್ತ 8ರ ಬದಲು 7.4 ಸೆಂ.ಮೀ. ಇತ್ತು. ಹಾಗಾಗಿ ಅಲ್ಲಿ ಇಮ್ಮಡಿಯ ಅಂತರ 2.4ರಿಂದ 2.2 ಸೆಂ.ಮೀ.ಗೆ ಇಳಿದು, ನೇರವಿರಬೇಕಾದ ಗೆರೆ ತುದಿಯಲ್ಲಿ ತುಸು ಬಾಗಿತು. ಆಹಾರ ಮುಗಿಯುತ್ತಿದೆ, ಬೆಳವಣಿಗೆ ನಿಧಾನಿಸಿ ಸ್ಥಿರ ಹಂತ ಶುರುವಾಗಿದೆ ಎಂದು ಒಬ್ಬ ವಿದ್ಯಾರ್ಥಿ ತನ್ನ ರೆಕಾರ್ಡಿನಲ್ಲಿ ಅಂದವಾಗಿ ಬರೆದಿದ್ದ. ಅವನ ತರ್ಕದಲ್ಲಿ ತಪ್ಪಿರಲಿಲ್ಲವಾದ್ದರಿಂದ ನಾನು ಅಂಕ ಕಳೆಯಲಿಲ್ಲ. ಪಕ್ಕದ ಮೇಜಿನವರ ಅದೇ ಅಂಕಿಗಳು ನೆಟ್ಟಗೆ ನಿಂತಿದ್ದನ್ನು ಕಂಡ ಮೇಲೆಯೇ ಸ್ಕೇಲ್ ಹಿಡಿದು ಅಳೆದೆ. ಕೊಳ್ಳುವವರು ಅಂಗಡಿಯಲ್ಲೇ ಮೂರು ಆವರ್ತಗಳನ್ನೂ ಬೇರೆ ಬೇರೆಯಾಗಿ ಅಳೆದು ನೋಡುವುದು ಲೇಸು.

ಅಂಗಡಿಯವರು ಬಳಸದ ಪ್ಯಾಡನ್ನು ಮಾತು ಬೆಳೆಸದೆ ಬದಲಿಸಿಕೊಟ್ಟರು. ಬಿಡಿಸಿದ್ದನ್ನು ಹಿಂದಕ್ಕೆ ಪಡೆಯಲಿಲ್ಲ. ಅದರ ಕೆಳಗಿನ ಎರಡು ಆವರ್ತಗಳು ಸರಿಯಾಗಿಯೇ ಇರುವುದರಿಂದ, ಥೈರಾಯ್ಡ್ ಚಿಕಿತ್ಸೆಯಲ್ಲಿ ಬಳಸುವ ಅಯೋಡಿನ್-131ರ ಕ್ಷಯದ ಅಭ್ಯಾಸಕ್ಕೆ ಅದನ್ನು ಎತ್ತಿಟ್ಟಿದ್ದೇನೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 8 ದಿನ. 100ರಿಂದ 10ಕ್ಕೆ ಇಳಿಯಲು ಬೇಕಾಗುವ ಇಪ್ಪತ್ತಾರೂವರೆ ದಿನಗಳನ್ನು ಓದಲು ಒಂದೇ ಆವರ್ತ ಸಾಕು.