ಲಿನಕ್ಸ್ ಶಟ್‌ಡೌನ್ ಸಿಕ್ಕಿಕೊಂಡರೆ: ಲಾಗ್, ಶೆಲ್, ಬ್ರೇಕ್

ಮಾನಿಟರ್ ಇಲ್ಲದ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್ ಪವರ್‌ಆಫ್ ಕೊಟ್ಟ ಮೇಲೆ ಅರ್ಧಕ್ಕೇ ನಿಂತರೆ ಸೀರಿಯಲ್ ಕೇಬಲ್ಲೇ ಗತಿ. ನೆಟ್‌ವರ್ಕ್ ಮೂಲಕ ಒಳಹೋಗುವ ಎಸ್‌ಎಸ್‌ಎಚ್ ಆಗಲೇ ಹೋಗಿರುತ್ತದೆ. ಮನೆಯಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಎಲ್ಲರೂ ಮೊದಲು ಹೇಳುವುದು ಡೀಬಗ್ ಲಾಗ್. ಕರ್ನಲ್ ಕಮಾಂಡ್ ಲೈನ್‌ನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲು) ಸಿಸ್ಟಮ್‌ಡಿಯ, ಅಂದರೆ ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಪ್ರೋಗ್ರಾಮಿನ, ಲಾಗ್ ಲೆವೆಲ್ಲನ್ನು ಡೀಬಗ್‌ಗೆ ಏರಿಸಿದರೆ ಆಯಿತು. ಆದರೆ ಸೀರಿಯಲ್ ವೇಗ 9600 ಬಾಡ್ ಇದ್ದರೆ ಸೆಕೆಂಡಿಗೆ ಹೋಗುವುದು ಸುಮಾರು 960 ಅಕ್ಷರ. ಲಾಗ್ ಸುರಿಯುವುದರಲ್ಲೇ ಶಟ್‌ಡೌನ್ ತೆವಳುತ್ತದೆ. ಸಿಕ್ಕಿಕೊಂಡಿದೆಯೋ, ಸುಮ್ನೆ ನಿಧಾನವೋ ಗೊತ್ತಾಗಲ್ಲ. 115200 ಇಟ್ಟರೆ ಪರವಾಗಿಲ್ಲ. ಆ ಕಮಾಂಡ್ ಲೈನ್‌ನಲ್ಲಿ ಎರಡು ಕನ್ಸೋಲ್ (ಮೆಸೇಜ್ ಬರುವ ಜಾಗ) ಕೊಟ್ಟಿದ್ದರೆ ಸೀರಿಯಲ್ಲೇ ಕೊನೆಯದಾಗಿರಲಿ. 'ಸ್ಟಾಪ್ ಜಾಬ್ ಈಸ್ ರನ್ನಿಂಗ್' ಅನ್ನೋ ಸಾಲು ಕೊನೆಯದಕ್ಕೇ ಬರುವುದು.

ಡೀಬಗ್ ಶೆಲ್, ಅಂದರೆ ಶಟ್‌ಡೌನ್ ನಡುವೆಯೂ ಕಮಾಂಡ್ ಕೊಡಲು ಸಿಸ್ಟಮ್‌ಡಿ ತೆರೆದಿಡುವ ಶೆಲ್, ನನಗೆ ಜಾಸ್ತಿ ಹಿಡಿಸಿತು. ಅದು ಸುಮ್ನೆ ಬಿಟ್ಟರೆ ಟಿಟಿವೈ9ರಲ್ಲಿ (ಮಾನಿಟರ್‌ನ ಒಂಬತ್ತನೇ ಟರ್ಮಿನಲ್) ತೆರೆದುಕೊಳ್ಳುತ್ತದೆ, ಮಾನಿಟರ್ ಇಲ್ಲದವರಿಗೆ ಪ್ರಯೋಜನವಿಲ್ಲ. ಅದರ ಯೂನಿಟ್ ಫೈಲಿನ ಟಿಟಿವೈ ಪಾತನ್ನು ಸೀರಿಯಲ್ ಪೋರ್ಟಿಗೆ ಬದಲಿಸಿ, ಅದೇ ಪೋರ್ಟಿನ ಗೆಟ್ಟಿಯನ್ನು (ಲಾಗಿನ್ ಕೇಳುವ ಪ್ರೋಗ್ರಾಮ್) ಆಫ್ ಮಾಡಬೇಕು. ಇಲ್ಲದಿದ್ದರೆ ಒತ್ತಿದ ಅಕ್ಷರಗಳಿಗೆ ಎರಡೂ ಕಿತ್ತಾಡುತ್ತವೆ. ಶಟ್‌ಡೌನ್ ನಿಂತಾಗ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್' ಹೊಡೆದರೆ ಯಾವುದು ಬಾಕಿ ಅಂತ ಕಾಣುತ್ತದೆ. ಪಾಸ್‌ವರ್ಡ್ ಇಲ್ಲದ ರೂಟ್ ಶೆಲ್ ಇದು, ಕೆಲಸ ಮುಗಿದ ತಕ್ಷಣ ತೆಗೆದುಬಿಡಿ.

ಲಿಸ್ಟ್ ಹೆಸರು ಹೇಳುತ್ತದೆ, ಕಾರಣ ಹೇಳಲ್ಲ. ಅದಕ್ಕೆ ಸಿಸ್‌ಆರ್‌ಕ್ಯೂ, ಅಂದರೆ ಕರ್ನಲ್‌ಗೇ ನೇರವಾಗಿ ಆಜ್ಞೆ ಕೊಡುವ ಕೀಗಳು. ಕೇಬಲ್‌ನ ಇನ್ನೊಂದು ತುದಿಯ ಕಂಪ್ಯೂಟರಿನಲ್ಲಿ ಮಿನಿಕಾಮ್ ಎಂಬ ಸೀರಿಯಲ್ ಟರ್ಮಿನಲ್ ತೆರೆದು ಕಂಟ್ರೋಲ್-ಎ, ಆಮೇಲೆ ಎಫ್ ಒತ್ತಿದರೆ ಬ್ರೇಕ್ ಎಂಬ ಸಿಗ್ನಲ್ ಹೋಗುತ್ತದೆ. 5 ಸೆಕೆಂಡಿನೊಳಗೆ 9 ಒತ್ತಿ, ಮೆಸೇಜ್ ಮಟ್ಟ ಏರುತ್ತದೆ. ಮತ್ತೆ ಬ್ರೇಕ್ ಕೊಟ್ಟು ಡಬ್ಲ್ಯೂ ಒತ್ತಿದರೆ ಅಲುಗಾಡದೆ ಕೂತ ಪ್ರೊಸೆಸ್‌ಗಳೆಲ್ಲ ಸ್ಟ್ಯಾಕ್ (ಕರ್ನಲ್‌ನ ಯಾವ ಕೆಲಸದೊಳಗೆ ನಿಂತಿದೆ ಅನ್ನೋ ಪಟ್ಟಿ) ಸಮೇತ ಬರುತ್ತವೆ. ನನಗೆ ಸಿಕ್ಕಿದ್ದು ಯುಮೌಂಟ್, ಜೋಡಿಸಿದ ಡಿಸ್ಕನ್ನು ಬಿಡಿಸುವ ಕಮಾಂಡ್. ಅದರ ಸ್ಟ್ಯಾಕ್ ತುಂಬಾ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಮೇಲಿನ ಫೈಲ್ ಹಂಚಿಕೆ. ಕರೆಂಟ್ ಹೋಗಿ ಯುಪಿಎಸ್ ಸಿಗ್ನಲ್ ಕೊಟ್ಟಾಗ ಸ್ಟೋರೇಜ್ ಪೆಟ್ಟಿಗೆ ಮೊದಲು ಆಫ್ ಆಗುತ್ತಿತ್ತು. ಯುಮೌಂಟ್ ಆಫ್ ಆಗಿಹೋದ ಆ ಪೆಟ್ಟಿಗೆಗೆ ಕಾಯುತ್ತಾ ಕೂತಿತ್ತು, ಅಷ್ಟೇ.

ಸಿಸ್‌ಆರ್‌ಕ್ಯೂಗೆ ಎರಡು ಷರತ್ತು. ಯಾವ ಕೀ ನಡೆಯಬೇಕೆಂದು ಹೇಳುವ ಸೆಟ್ಟಿಂಗ್‌ಗೆ ಡೆಬಿಯನ್ ಕರ್ನಲ್ ಕೊಡುವ ಸಂಖ್ಯೆ 438, ಅದರಲ್ಲಿ ಪ್ರೊಸೆಸ್ ಪಟ್ಟಿಗೆ ಬೇಕಾದ 8ರ ಬಿಟ್ ಇಲ್ಲ, ಹಾಗಾಗಿ ಡಬ್ಲ್ಯೂ ನಡೆಯಲ್ಲ. ಆ ಸಂಖ್ಯೆಯನ್ನು ಮೊದಲೇ 1 (ಎಲ್ಲ ಕೀಗೂ ಅನುಮತಿ) ಮಾಡಿಡಿ. ಇನ್ನೊಂದು, ಪೋರ್ಟನ್ನು ಯಾವುದಾದರೂ ಪ್ರೊಸೆಸ್ ತೆರೆದಿಟ್ಟಿರಬೇಕು. ಶಟ್‌ಡೌನ್‌ನಲ್ಲಿ ಗೆಟ್ಟಿ ಸತ್ತರೆ ಬ್ರೇಕ್ ಕೇಳಿಸಲ್ಲ. ಡೀಬಗ್ ಶೆಲ್ ಮಾತ್ರ ಉಳಿದಿರುತ್ತದೆ, ಅದಕ್ಕೇ ನಾನು ಇವೆರಡನ್ನೂ ಜೋಡಿಯಾಗಿ ಬಳಸುತ್ತೇನೆ.

ಕೊನೆಗೆ ಸಿಸ್ಟಮ್‌ಡಿ ಉಳಿದದ್ದನ್ನೆಲ್ಲ ಕೊಲ್ಲುವಾಗ ಶೆಲ್ಲೂ ಹೋಗುತ್ತದೆ. ಅದರಾಚೆ ಸಿಕ್ಕಿಕೊಂಡರೆ ಮತ್ತೆ ಡೀಬಗ್ ಲಾಗೇ ಬೇಕು. ಇನ್ನು ಸರ್ವಿಸ್ ನಿಲ್ಲಲೆಂದು ಸಿಸ್ಟಮ್‌ಡಿ ಕಾಯುವ 90 ಸೆಕೆಂಡಿನ ಟೈಮ್‌ಔಟ್ 10ಕ್ಕೆ ಇಳಿಸಿ ಅನ್ನುವವರಿದ್ದಾರೆ. ಡೇಟಾಬೇಸ್ ಓಡುವ ಮಷೀನ್‌ನಲ್ಲಿ ನಾನಂತೂ ಆ ಕೆಲಸ ಮಾಡಲ್ಲ.